ಪಿಯಾನೋದಲ್ಲಿ ಸಿಗದ ಗಾಂಧಾರ

ನಾರ್ವೆಯ ಸೋಗ್ನ್ ಸೀಮೆಯ ಲುಸ್ಟರ್‌ನಲ್ಲಿ ರಾಗ್ನಾರ್ ವಿಗ್ದಾಲ್ ಎಂಬ ಗಾಯಕರಿದ್ದರು. ಹಳ್ಳಿಯ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಭಕ್ತಿಗೀತೆಗಳನ್ನು ಯಾವ ಪಕ್ಕವಾದ್ಯವೂ ಇಲ್ಲದೆ ಹಾಡುತ್ತಿದ್ದವರು. ಅವರ ಧ್ವನಿಮುದ್ರಣ ಹಾಕಿಕೊಂಡು, ಪಿಯಾನೋ ಮುಂದೆ ಕೂತು, ಅವರ ಗಾಂಧಾರ, ಅಂದರೆ ಸರಿಗಮದ 'ಗ', ಯಾವ ಮನೆಯದು (ಬೆರಳಲ್ಲಿ ಒತ್ತುವ ಕೀಲಿ) ಎಂದು ಹುಡುಕಹೊರಟರೆ ಬೆರಳು ಎರಡು ಮನೆಗಳ ನಡುವೆ ಅಲೆಯತೊಡಗುತ್ತದೆ. ಸಾಧಾರಣ ಗಾಂಧಾರ ಒತ್ತಿದರೆ ಅವರ ಸ್ವರ ಅದಕ್ಕಿಂತ ಮೇಲಿದೆ. ಅಂತರ ಗಾಂಧಾರ ಒತ್ತಿದರೆ ಅದಕ್ಕಿಂತ ಕೆಳಗಿದೆ. ಅಪಸ್ವರವೇ ಎಂದು ಮುಂದಿನ ಚರಣಕ್ಕೆ ಕಾದರೆ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾರೆ, ಅದೇ ನೆಮ್ಮದಿಯಿಂದ.

ಇದು ಒಬ್ಬ ಗಾಯಕರ ಅಭ್ಯಾಸವಲ್ಲ. ಟೆಲೆಮಾರ್ಕ್, ಸೆಟೆಸ್ದಾಲ್, ವಾಲ್ದ್ರೆಸ್ ಸೀಮೆಗಳ ಹಳೆಯ ಹಾಡುಗಾರಿಕೆಯಲ್ಲೂ ಪಿಟೀಲಿನಲ್ಲೂ ಗಾಂಧಾರ, ಮಧ್ಯಮ, ನಿಷಾದಗಳು ಹೀಗೆ ತೇಲುತ್ತವೆ. ಷಡ್ಜ ಪಂಚಮಗಳು (ಸ, ಪ) ಮಾತ್ರ ಗೂಟ ಹೊಡೆದಂತೆ ನಿಂತಿರುತ್ತವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ನಾರ್ವೆಯ ಜಾನಪದವನ್ನೂ ಒಂದೇ ಹಾಡಿನಲ್ಲಿ ಕೂಡಿಸಲು ಹೊರಡುವ ಗಾಯಕ ಅಥವಾ ಸ್ವರಸಂಯೋಜಕ ಮೊದಲು ಎಡವುವುದು ಇಲ್ಲಿಯೇ. ಸ್ವರವನ್ನು ಕದಲಿಸಲಾಗದ ವಾದ್ಯವೆಂದು ಹಾರ್ಮೋನಿಯಂ ಅನ್ನು 1940ರಿಂದ 1971ರವರೆಗೆ ಆಕಾಶವಾಣಿಯಿಂದ ಹೊರಗಿಟ್ಟ ಜಗಳ ನೆನಪಿರುವವರಿಗೆ ಈ ತೊಡಕು ಹೊಸದೇನಲ್ಲ. ಆದರೆ ನಮ್ಮಲ್ಲಿ ಪೆಟ್ಟಿಗೆಯನ್ನು ಬದಿಗಿಟ್ಟು ತಂಬೂರಿ ಹಿಡಿಯಬಹುದಿತ್ತು. ಅಲ್ಲಿ ಪಿಯಾನೋ, ಆರ್ಗನ್, ಆರ್ಕೆಸ್ಟ್ರಾಗಳನ್ನು ಬದಿಗಿಟ್ಟರೆ ಕೂಡಿಸಲು ಏನೂ ಉಳಿಯುವುದಿಲ್ಲ.

ಲೆಕ್ಕದಲ್ಲಿ ನೋಡೋಣ. ಒಂದು ಸ್ಥಾಯಿಯನ್ನು, ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ದೂರವನ್ನು, 1200 ಸೆಂಟ್‌ಗಳಾಗಿ ಭಾಗಿಸುವುದು ವಾಡಿಕೆ. ಪಿಯಾನೋದಲ್ಲಿ ಮನೆಯಿಂದ ಮನೆಗೆ 100 ಸೆಂಟ್. ಸಾಧಾರಣ ಗಾಂಧಾರ 300, ಅಂತರ ಗಾಂಧಾರ 400. ಪ್ರಕೃತಿಸಹಜವಾದ ಅಂತರ ಗಾಂಧಾರ 386. ವಿಗ್ದಾಲ್ ಅಂಥವರ ತೇಲುವ ಗಾಂಧಾರ 350ರ ಆಸುಪಾಸು. ಧ್ವನಿ 350ರಲ್ಲಿದ್ದಾಗ ಪಿಯಾನೋ 400 ನುಡಿಸಿದರೆ ಕೇಳುಗರ ಕಿವಿ ತಕ್ಷಣ ಪಿಯಾನೋ ಪಕ್ಷ ವಹಿಸುತ್ತದೆ, ಏಕೆಂದರೆ ಅದು ಕದಲುವುದಿಲ್ಲ. ಹಾಡುವವರ ಸ್ವರ ಇಳಿದಿದೆ ಎಂದೇ ಎಲ್ಲರಿಗೂ ಅನಿಸುತ್ತದೆ. ಹಾಡುವವರಿಗೂ ಹಾಗೇ ಅನಿಸಿ, ಎರಡನೇ ಚರಣದ ಹೊತ್ತಿಗೆ ಗಂಟಲು ತಾನಾಗಿ 400ಕ್ಕೆ ಏರಿರುತ್ತದೆ. ಅಲ್ಲಿಗೆ ಹಾಡು ಉಳಿಯುತ್ತದೆ, ಊರು ಹೋಗುತ್ತದೆ.

ಆ ಸ್ವರಗಳು ಎಲ್ಲಿಂದ ಬಂದವು ಎಂಬುದಕ್ಕೆ ಒಂದು ವಿವರಣೆ ಮರದ ತೊಗಟೆಯಲ್ಲಿದೆ. ಸೆಲ್ಯೆಫ್ಲೋಯ್ತೆ ಎಂಬ ಕೊಳಲನ್ನು ಸೆಲ್ಯೆ ಎಂಬ ಜಾತಿಯ ವಿಲ್ಲೋ ಮರದ ರೆಂಬೆಯಿಂದ ಮಾಡುತ್ತಾರೆ. ವಸಂತದಲ್ಲಿ ಮರಕ್ಕೆ ರಸ ಏರುವ ಕೆಲವೇ ವಾರಗಳಲ್ಲಿ ಮಾತ್ರ ಇದು ಸಾಧ್ಯ. ಕವಲಿಲ್ಲದ ನೇರ ರೆಂಬೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕೋ ಇನ್ನೂ ಸ್ವಲ್ಪ ಹೆಚ್ಚಿಗೋ ಕತ್ತರಿಸುತ್ತಾರೆ. ಚಾಕುವಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತಾರೆ, ಆಮೇಲೆ ಎರಡು ಕೈಯಲ್ಲಿ ಹಿಡಿದು ತಿರುಚುತ್ತಾರೆ. ರಸವಿದ್ದರೆ ತೊಗಟೆ ಒಡೆಯದೆ ಇಡಿಯಾಗಿ ಕಳಚಿ ಬರುತ್ತದೆ. ಒಂದು ತುದಿಗೆ ಗಾಳಿದಾರಿ ಬಿಟ್ಟು ಮರದ ಬಿರಡೆ ಕೂರಿಸಿ, ಅದರ ಹತ್ತಿರ ಒಂದು ಕಿಂಡಿ ಕೊರೆದರೆ ಕೊಳಲು ಸಿದ್ಧ. ಬೆರಳಿಗೆಂದು ಒಂದು ತೂತೂ ಇಲ್ಲ. ಕೆಲವೇ ದಿನಗಳಲ್ಲಿ ತೊಗಟೆ ಒಣಗಿ ಬಿರಿಯುತ್ತದೆ. ನೀರಲ್ಲಿ ನೆನೆಹಾಕಿದರೆ ಇನ್ನಷ್ಟು ದಿನ ಬಂದೀತು. ಈಗ ವೇದಿಕೆಗೆ ಬರುವ ಸೆಲ್ಯೆಫ್ಲೋಯ್ತೆಗಳಲ್ಲಿ ಪ್ಲಾಸ್ಟಿಕ್ ಕೊಳವೆಯವೇ ಹೆಚ್ಚು.

ತೂತಿಲ್ಲದ ಕೊಳಲಲ್ಲಿ ರಾಗ ಹೇಗೆ? ಊದುವ ರಭಸ ಹೆಚ್ಚಿಸಿದಂತೆ ಕೊಳವೆ ಒಂದೊಂದೇ ಮೇಲಿನ ಅನುಸ್ವರಕ್ಕೆ, ಅಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳಿಗೆ, ನೆಗೆಯುತ್ತದೆ. ತುದಿಯನ್ನು ಬೆರಳಿಂದ ಮುಚ್ಚಿದಾಗ ಮೂಲಸ್ವರ ಒಂದು ಸ್ಥಾಯಿ ಕೆಳಗಿಳಿದು, ಅದರ ಬೆಸ ಸಂಖ್ಯೆಯ ಅನುಸ್ವರಗಳು ಮಾತ್ರ ಬರುತ್ತವೆ. ತೆರೆದಾಗ ಸಮ ಸಂಖ್ಯೆಯವು. ಮುಚ್ಚುತ್ತ ತೆರೆಯುತ್ತ ಹೋದರೆ ಎಲ್ಲವೂ ಸಾಲಾಗಿ ಕೈಗೆ ಸಿಗುತ್ತವೆ. ಎಂಟನೆಯದನ್ನು ಷಡ್ಜ ಎಂದಿಟ್ಟುಕೊಂಡರೆ ಒಂಬತ್ತು ರಿಷಭ, ಹತ್ತು ಗಾಂಧಾರ, ಹನ್ನೆರಡು ಪಂಚಮ, ಹದಿನಾರು ಮೇಲಿನ ಷಡ್ಜ. ನಡುವಿನ ಹನ್ನೊಂದರಲ್ಲೇ ಸ್ವಾರಸ್ಯ ಇರುವುದು. ಅದು 551 ಸೆಂಟ್. ಪಿಯಾನೋದ ಶುದ್ಧ ಮಧ್ಯಮ 500, ಪ್ರತಿ ಮಧ್ಯಮ 600. ಅಂದರೆ ಹೆಚ್ಚುಕಡಿಮೆ ನಟ್ಟನಡುವೆ. ಹದಿಮೂರನೆಯದು 841, ಶುದ್ಧ ಧೈವತಕ್ಕೂ ಚತುಃಶ್ರುತಿ ಧೈವತಕ್ಕೂ ನಡುವೆ. ಹದಿನಾಲ್ಕು 969, ಕೈಶಿಕಿ ನಿಷಾದಕ್ಕಿಂತ ಒಂದು ಕೂದಲೆಳೆ ಅಲ್ಲ, ಮೂವತ್ತು ಸೆಂಟ್ ಕೆಳಗೆ. ಇಂಥ ಕೊಳಲು ಕೇಳುತ್ತ ದನ ಕಾದವರ ಕಿವಿಗೆ ಪಿಯಾನೋದ ಮಧ್ಯಮ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಆದರೂ ಎಲ್ಲ ಜಾನಪದ ಸ್ವರಗಳನ್ನೂ ಕೊಳಲಿಗೇ ಕಟ್ಟಿಹಾಕುವುದು ಸರಿಯಲ್ಲ. 350ರ ಗಾಂಧಾರ ಈ ಸಾಲಿನಲ್ಲಿ ಇಲ್ಲವೇ ಇಲ್ಲ. ಅದು ಗಂಟಲಿನ ಸಂಪ್ರದಾಯ.

ಈ ವಾದವನ್ನು 1927ರಲ್ಲಿ ಪುಸ್ತಕವಾಗಿ ಮುಂದಿಟ್ಟವರು ಐವಿಂದ್ ಗ್ರೂವೆನ್. 1901ರಲ್ಲಿ ಟೆಲೆಮಾರ್ಕ್‌ನ ಲೋರ್ದಾಲ್‌ನಲ್ಲಿ ಹುಟ್ಟಿದವರು, ಸ್ವತಃ ಪಿಟೀಲು ಮತ್ತು ಸೆಲ್ಯೆಫ್ಲೋಯ್ತೆ ನುಡಿಸುತ್ತಿದ್ದವರು. ಆರ್ಕೆಸ್ಟ್ರಾಗೂ ಬರೆದರು, ಸಾವಿರಕ್ಕೂ ಮೀರಿ ಜಾನಪದ ಮಟ್ಟುಗಳನ್ನೂ ಬರೆದಿಟ್ಟರು. 1931ರಿಂದ 1946ರವರೆಗೆ ನಾರ್ವೆಯ ರೇಡಿಯೋದಲ್ಲಿ ಜಾನಪದ ಸಂಗೀತದ ಹೊಣೆ ಹೊತ್ತರು. ಬೇರೆ ಸಂಯೋಜಕರು ಪಿಯಾನೋಗೆ ತಕ್ಕಂತೆ ಹಾಡನ್ನು ಬಗ್ಗಿಸುತ್ತಿದ್ದಾಗ ಅವರು ವಾದ್ಯವನ್ನೇ ಬಗ್ಗಿಸಲು ಹೊರಟರು. ಸ್ಥಾಯಿಗೆ ಹನ್ನೆರಡರ ಬದಲು ಮೂವತ್ತಾರು ಸ್ವರಗಳಿರುವ ಆರ್ಗನ್ ಕಟ್ಟಿಸಿದರು. ನುಡಿಸುವವರಿಗೆ ಕಾಣುವುದು ಎಂದಿನ ಕೀಬೋರ್ಡ್. ಯಾವ ಮನೆಗಳನ್ನು ಒಟ್ಟಿಗೆ ಒತ್ತಿದ್ದಾರೆ ಎಂದು ನೋಡಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವಂಥ ರಿಲೇಗಳು ಆ ಸ್ವರಗಳ ಮೇಳಕ್ಕೆ ಒಪ್ಪುವ ಶುದ್ಧ ಸ್ವರವನ್ನು ಮೂವತ್ತಾರರಿಂದ ಆರಿಸಿಕೊಡುತ್ತವೆ. ಟ್ರಾನ್ಸಿಸ್ಟರ್ ಇನ್ನೂ ಹುಟ್ಟದ 1930ರ ದಶಕದಲ್ಲಿ ಈ ಕೆಲಸ ಶುರುವಾಯಿತು ಎಂಬುದನ್ನು ನೆನೆದಾಗಲೆಲ್ಲ ಅವರ ಹಟದ ಬಗ್ಗೆ ಗೌರವ ಉಕ್ಕುತ್ತದೆ. ಓಸ್ಲೋದಲ್ಲಿ ಅವರ ಹೆಸರಿನ ಆರ್ಗನ್ ಮನೆ ಇದೆ.

ಎಲ್ಲರ ಬಳಿಯೂ ಅಂಥ ಆರ್ಗನ್ ಇರುವುದಿಲ್ಲವಲ್ಲ. ಹಾಗಾದರೆ ಏನು ಮಾಡಬೇಕು? ಮೊದಲ ಉಪಾಯ, ತೇಲುವ ಸ್ವರವನ್ನು ಪಕ್ಕವಾದ್ಯ ಮುಟ್ಟದಿರುವುದು. ಷಡ್ಜ ಪಂಚಮಗಳ ಆಧಾರಶ್ರುತಿ ಮಾತ್ರ ಹಿಡಿದು, ಗಾಂಧಾರವನ್ನು ಪೂರ್ತಿಯಾಗಿ ಗಂಟಲಿಗೆ ಬಿಟ್ಟುಕೊಡುವುದು. ಪಿಯಾನೋ ಇರಲೇಬೇಕಾದರೆ ಎಡಗೈಯಲ್ಲಿ ಸಪ ಹಿಡಿದು, ಬಲಗೈಯ ಮಾತು ಏನಿದ್ದರೂ ಗಾಯಕ ಸಾಲು ಮುಗಿಸಿದ ಮೇಲೆ. ಧ್ವನಿ ಇರುವಾಗ ಅದರ ಮಟ್ಟನ್ನು ಪಿಯಾನೋ ಒತ್ತಿ ತೋರಿಸುವುದು ಇಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು. ತಂತಿವಾದ್ಯಗಳಾದರೆ ಕಂಪನವಿಲ್ಲದೆ ನುಡಿಸಬೇಕು. ಕೈ ಅಲುಗಾಡಿಸಿದರೆ ಆಧಾರಶ್ರುತಿಯೇ ಅಲುಗಾಡಿ, ತೇಲುವ ಸ್ವರಕ್ಕೂ ಶ್ರುತಿ ತಪ್ಪಿದ ಸ್ವರಕ್ಕೂ ವ್ಯತ್ಯಾಸ ಕೇಳಿಸದೆ ಹೋಗುತ್ತದೆ.

ವೃಂದಗಾನಕ್ಕೆ ಕಲಿಸುವಾಗ ಕ್ರಮ ಮುಖ್ಯ. ಕಾಗದ ಕೊಡುವ ಮೊದಲು ಕಿವಿಗೆ ಕೊಡಬೇಕು: ಆಧಾರಶ್ರುತಿ ಹಾಕಿ, ಜಾನಪದ ಗಾಯಕರು ಒಂದು ಸಾಲು ಹಾಡಿ, ಎಲ್ಲರೂ ಒಂದೇ ಸ್ವರದಲ್ಲಿ ತಿರುಗಿ ಹಾಡುವುದು. ಅದು ಗಟ್ಟಿಯಾದ ಮೇಲಷ್ಟೇ ಧ್ವನಿಗಳನ್ನು ಬೇರ್ಪಡಿಸುವುದು. ತಾಲೀಮಿಗೆ ಪಿಯಾನೋ ತಂದರೆ ಹತ್ತು ನಿಮಿಷದಲ್ಲಿ ಕೆಲಸ ಕೆಟ್ಟಂತೆ. ಪಿಯಾನೋ ಇಲ್ಲದಿದ್ದರೂ ಕೆಡುವುದು ಒಂದು ಕಡೆಯಿಂದ ಮಾತ್ರ: ಕೆಳಗಿನ ಹೆಣ್ಣು ಧ್ವನಿಯವರು ಪಕ್ಕದವರೊಂದಿಗೆ ಮೇಳ ಕೂಡಿಸುವ ಚಪಲಕ್ಕೆ ಗಾಂಧಾರವನ್ನು ಮೆಲ್ಲಗೆ ಏರಿಸುತ್ತಾರೆ. ಅವರದು ತಪ್ಪಲ್ಲ, ವರ್ಷಗಟ್ಟಲೆ ಆದ ತರಬೇತಿ ಅದೇ. ಅವರ ಸಾಲಿನಿಂದ ಗಾಂಧಾರವನ್ನೇ ತೆಗೆದು ರಿಷಭವನ್ನೋ ಮಧ್ಯಮವನ್ನೋ ಕೊಟ್ಟರೆ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಬರವಣಿಗೆಯಲ್ಲಿ ಸ್ವರದ ತಲೆಯ ಮೇಲೆ ಮೇಲ್ಮುಖ ಅಥವಾ ಕೆಳಮುಖ ಬಾಣ ಹಾಕುವುದು ಈಗ ಸಾಮಾನ್ಯ. 1949ರಲ್ಲಿ ಹುಟ್ಟಿದ ಲಾಸ್ಸೆ ತೂರೆಸೆನ್ ಅವರಂಥ ಸಂಯೋಜಕರು ಜಾನಪದದ ಈ ಸೂಕ್ಷ್ಮ ಸ್ವರಗಳನ್ನು ಕಂಠಮೇಳಗಳಿಗೆ ತಂದಿದ್ದಾರೆ. ಬಾಣ ನೆನಪಿಗಷ್ಟೇ, ಕಲಿಸುವುದು ಕಿವಿಯೇ.

ಇನ್ನು ಕಂಠ. ನಾರ್ವೆಯ ಹಳೆಯ ಹಾಡುಗಾರಿಕೆಗೆ ಕ್ವೇದಿಂಗ್ ಎನ್ನುತ್ತಾರೆ. ಮಾತಾಡುವ ಎತ್ತರದಲ್ಲೇ ಹಾಡುವುದು, ಎದೆಯ ಧ್ವನಿ, ಕಂಪನವಿಲ್ಲದ ನೇರ ಸ್ವರ, ಮಟ್ಟು ಬಹುಪಾಲು ಒಂದು ಸ್ಥಾಯಿಯೊಳಗೆ. ಅಪೆರಾ ತರಬೇತಿ ಪಡೆದವರು ಸ್ವರಾಕ್ಷರದ ಮೇಲೆ ನಿಲ್ಲುತ್ತಾರೆ, ವ್ಯಂಜನವನ್ನು ಚಿಟಿಕೆ ಹೊಡೆದಂತೆ ದಾಟುತ್ತಾರೆ. ಕ್ವೇದಿಂಗ್‌ನಲ್ಲಿ ಮ್, ನ್, ಲ್, ಙ್ ಮೇಲೆ ಧ್ವನಿ ನಿಲ್ಲುತ್ತದೆ, ಸ್ವರಾಕ್ಷರ ಬೇಗ ಮುಗಿಯುತ್ತದೆ. ಇದೊಂದನ್ನು ಬದಲಿಸಿಕೊಂಡರೆ ಅರ್ಧ ದಾರಿ ಸವೆಸಿದಂತೆ. ಉಳಿದರ್ಧ ಕ್ರುಲ್. ಗುಂಗುರು ಎಂಬ ಅರ್ಥದ ಈ ಮಾತು ಅಕ್ಷರ ಅಕ್ಷರಗಳ ನಡುವೆ ಸುರುಳಿಯಾಗಿ ಬರುವ ಪುಟ್ಟ ಸ್ವರಗಳ ಹೆಸರು. ನಮ್ಮ ಗಮಕದ ಹಾಗೆ ಸ್ವರವನ್ನು ತೂಗುವುದಿಲ್ಲ, ಹಿಂದೂಸ್ತಾನಿಯ ಮುರ್ಕಿಗೆ ಹತ್ತಿರ. ಶಾಸ್ತ್ರೀಯ ಗಾಯಕರು ಅದನ್ನು ಬರೆದುಕೊಂಡು, ಎಣಿಸಿ, ಪ್ರತಿ ಚರಣದಲ್ಲೂ ಅದೇ ಜಾಗದಲ್ಲಿ ಹಾಡುತ್ತಾರೆ. ಹಾಗೆ ಮಾಡಿದರೆ ಕಸೂತಿ ಹಾಕಿದಂತಾಗುತ್ತದೆಯೇ ಹೊರತು ಹಾಡಿದಂತಾಗುವುದಿಲ್ಲ. ಕ್ರುಲ್ ಹುಟ್ಟುವುದು ಮಾತಿನ ಒತ್ತಿನಿಂದ. ಚರಣ ಬದಲಾದಾಗ ಮಾತು ಬದಲಾಗುತ್ತದೆ, ಒತ್ತು ಜರುಗುತ್ತದೆ, ಸುರುಳಿಯೂ ಜರುಗಬೇಕು. ಆದ್ದರಿಂದ ಪದ್ಯವನ್ನು ಆ ಸೀಮೆಯ ನುಡಿಯಲ್ಲಿ ಗಟ್ಟಿಯಾಗಿ ಓದುವುದು ಮೊದಲ ಪಾಠ, ಹಾಡುವುದು ಆಮೇಲೆ.

ಸ್ಟೇವ್ ಎಂಬ ನಾಲ್ಕು ಸಾಲಿನ ಪದ್ಯ ಈ ಅಭ್ಯಾಸಕ್ಕೆ ಹೇಳಿಮಾಡಿಸಿದ್ದು. ಹೊಸ ಸ್ಟೇವ್‌ನಲ್ಲಿ ಎರಡೆರಡು ಸಾಲಿಗೆ ಪ್ರಾಸ, ಹಳೆಯದರಲ್ಲಿ ಎರಡು ಮತ್ತು ನಾಲ್ಕನೇ ಸಾಲಿಗೆ. ತಾಳದ ಕಟ್ಟಿಲ್ಲದೆ ಮಾತಿನ ಓಟದಲ್ಲಿ ಹಾಡುತ್ತಾರೆ. ಒಬ್ಬರು ಹಾಡಿದ್ದಕ್ಕೆ ಇನ್ನೊಬ್ಬರು ಸ್ಟೇವ್‌ನಲ್ಲೇ ಉತ್ತರ ಕೊಡುವುದೂ ಉಂಟು. ಸೆಟೆಸ್ದಾಲ್‌ನ ಈ ಹಾಡು, ವಾದನ, ಕುಣಿತದ ಪರಂಪರೆಯನ್ನು 2019ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಸಿನಿಕ್ಕಾ ಲಾಂಗೆಲಾಂಡ್ ಅವರ ಕೆಲಸ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಎಲ್ಲ ತೊಡಕುಗಳನ್ನು ಅವರು ದಾಟಿದ ರೀತಿಗಾಗಿ. 1961ರಲ್ಲಿ ಹುಟ್ಟಿದ ಈ ಗಾಯಕಿ, ಸ್ವರಸಂಯೋಜಕಿ ನಾರ್ವೆಯ ಪೂರ್ವದಂಚಿನ ಫಿನ್‌ಸ್ಕೂಗೆನ್ ಕಾಡುಸೀಮೆಯವರು. ಫಿನ್ಲೆಂಡಿನಿಂದ ಬಂದವರು ನೂರಾರು ವರ್ಷಗಳ ಹಿಂದೆ ಕಾಡು ಕಡಿದು ಸುಟ್ಟು ರೈ ಧಾನ್ಯ ಬೆಳೆದ ಜಾಗ ಅದು. ಅವರು ಹಾಡುತ್ತ ನುಡಿಸುವುದು ಕಾಂತೆಲೆ, ಮಡಿಲಿನಲ್ಲೋ ಮೇಜಿನ ಮೇಲೋ ಇಟ್ಟು ಮೀಟುವ ಫಿನ್ಲೆಂಡಿನ ವಾದ್ಯ. ಅವರದು 39 ತಂತಿಗಳ ಕಚೇರಿ ಕಾಂತೆಲೆ. ಸ್ವರಮಂಡಲ ನೋಡಿದವರಿಗೆ ಅಂದಾಜು ಸಿಗುತ್ತದೆ, ಆದರೆ ಇದು ಎಷ್ಟೋ ದೊಡ್ಡದು. ತಂತಿಗಳು ಸಪ್ತಸ್ವರದ ಸಾಲಿನಲ್ಲಿರುತ್ತವೆ. ಒಂದು ಬದಿಯ ಸನ್ನೆಕೋಲುಗಳನ್ನು ಜರುಗಿಸಿದರೆ ಆ ಹೆಸರಿನ ಸ್ವರ ಎಲ್ಲ ಸ್ಥಾಯಿಗಳಲ್ಲೂ ಒಂದು ಮನೆ ಏರುತ್ತದೆ ಅಥವಾ ಇಳಿಯುತ್ತದೆ. ಇದರಲ್ಲಿ ಒಂದು ಲಾಭವಿದೆ: ಗಾಂಧಾರದ ತಂತಿಗಳನ್ನು ಕಚೇರಿಗೆ ಮುಂಚೆಯೇ 350ಕ್ಕೆ ಶ್ರುತಿ ಮಾಡಿಟ್ಟುಕೊಳ್ಳಬಹುದು. 39 ತಂತಿಗಳಲ್ಲಿ ಒಂದೊಂದು ಸ್ವರಕ್ಕೆ ಐದಾರು ತಂತಿಗಳಷ್ಟೇ. ನಷ್ಟವೂ ಅಲ್ಲೇ ಇದೆ: ಮುಂದಿನ ಹಾಡಿಗೆ ಬೇರೆ ಆಧಾರಶ್ರುತಿ ಬೇಕಾದರೆ ಆ ತಂತಿಗಳು ಹೊಂದುವುದಿಲ್ಲ. ತೇಲುವ ಸ್ವರ ಬೇಕೆನ್ನುವವರು ಹಾಡುಗಳನ್ನು ಶ್ರುತಿಗನುಗುಣವಾಗಿ ಗುಂಪು ಮಾಡಬೇಕು, ಗುಂಪಿನ ನಡುವೆ ವಿರಾಮ ಇಡಬೇಕು.

ಲಾಂಗೆಲಾಂಡ್ ಮರ ಕಡಿಯುವ ಕೂಲಿಯಾಗಿದ್ದ ಕವಿ ಹಾನ್ಸ್ ಬೊರ್ಲಿ ಅವರ ಕವಿತೆಗಳಿಗೆ ಮಟ್ಟು ಹಾಕಿ, ಟ್ರಂಪೆಟ್, ಸ್ಯಾಕ್ಸಫೋನ್, ಬಾಸ್, ಡ್ರಮ್‌ಗಳ ಜೊತೆ ಹಾಡಿದರು. ಆದರೆ ಶಾಸ್ತ್ರೀಯದ ಜೊತೆ ಅವರ ನೇರ ಮುಖಾಮುಖಿ 2009ರಲ್ಲಿ ಹೊರಬಂದ ಮುದ್ರಿಕೆಯಲ್ಲಿದೆ. ಟ್ರೊಂಡ್‌ಹೈಮ್‌ನ ನಿದಾರೋಸ್ ಕ್ಯಾಥೆಡ್ರಲ್‌ನಲ್ಲಿ, ವಯೋಲಾ ವಾದಕ ಲಾರ್ಸ್ ಆಂದರ್ಸ್ ತೊಮ್ತೆರ್ ಮತ್ತು ಆರ್ಗನ್ ವಾದಕ ಕೋರೆ ನೂರ್ದ್‌ಸ್ತೂಗಾ ಅವರೊಂದಿಗೆ ಮಾಡಿದ್ದು. ನಾರ್ವೆ 1537ರಲ್ಲಿ ಕ್ಯಾಥೊಲಿಕ್ ಪಂಥ ಬಿಟ್ಟು ಲೂಥರನ್ ಆದ ಮೇಲೆ ಮೇರಿಮಾತೆಯ ಆರಾಧನೆ ಚರ್ಚಿನಿಂದ ಹೊರಬಿತ್ತು. ಆದರೆ ಜನರ ಬಾಯಲ್ಲಿ ಅವಳ ಹಾಡುಗಳು ಉಳಿದವು. ಆ ಹಾಡುಗಳನ್ನು ಲೂಥರನ್ ಸಂಗೀತದ ಶಿಖರವಾದ ಬಾಖ್ ಅವರ ಕೃತಿಗಳ ಪಕ್ಕದಲ್ಲಿ, ಲೂಥರನ್ ಆಗಿಹೋದ ಅದೇ ಕ್ಯಾಥೆಡ್ರಲ್‌ನೊಳಗೆ ಇಟ್ಟರು. ಬಾಖ್ ಬಾಖ್ ಆಗಿಯೇ ಉಳಿಯುತ್ತಾರೆ, ಹಳ್ಳಿಯ ಹಾಡು ಹಳ್ಳಿಯದಾಗಿಯೇ. ಒಂದನ್ನು ಇನ್ನೊಂದರೊಳಗೆ ಕರಗಿಸುವುದಕ್ಕಿಂತ ಪಕ್ಕ ಪಕ್ಕ ಇಡುವುದು ಹೆಚ್ಚು ಕಷ್ಟ, ಹೆಚ್ಚು ಪ್ರಾಮಾಣಿಕ ಎಂದು ನಾನು ನಂಬಿದ್ದೇನೆ. ಪಕ್ಕದಲ್ಲಿಟ್ಟಾಗ ಎರಡರ ಪೊಳ್ಳೂ ಬಯಲಾಗುತ್ತದೆ.

ಕಲ್ಲಿನ ಕ್ಯಾಥೆಡ್ರಲ್‌ನಲ್ಲಿ ಹಾಡುವವರಿಗೆ ಒಂದು ಮಾತು. ಪ್ರತಿಧ್ವನಿ ಉದ್ದವಿರುವ ಕಡೆ ಕ್ರುಲ್ ಕಲಸಿಹೋಗುತ್ತದೆ. ವೇಗ ಇಳಿಸಿದರೆ ಹಾಡು ಸತ್ತಂತಾಗುತ್ತದೆ. ವೇಗ ಹಾಗೇ ಇಟ್ಟು ಸಾಲು ಸಾಲುಗಳ ನಡುವಿನ ಮೌನವನ್ನು ಉದ್ದ ಮಾಡುವುದು ಸರಿಯಾದ ದಾರಿ.

ಸ್ವರದ್ದು ಇಷ್ಟಾದರೆ ತಾಳದ್ದು ಬೇರೆಯೇ ಕಥೆ. ಸ್ಪ್ರಿಂಗಾರ್ ಎಂಬ ಕುಣಿತದ ಮಟ್ಟನ್ನು ಮೂರು ಮಾತ್ರೆಯಲ್ಲಿ ಬರೆಯುತ್ತಾರೆ, ಆದರೆ ಮೂರೂ ಸಮವಲ್ಲ. ಟೆಲೆಮಾರ್ಕ್‌ನಲ್ಲಿ ಮೊದಲನೆಯದು ಉದ್ದ, ಎರಡನೆಯದು ಮಧ್ಯಮ, ಮೂರನೆಯದು ಗಿಡ್ಡ. ವಾಲ್ದ್ರೆಸ್‌ನಲ್ಲಿ ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಲೆಕ್ಕದ ಅನುಕೂಲಕ್ಕೆ ಒಂದು ಆವರ್ತಕ್ಕೆ ಒಂದೂವರೆ ಸೆಕೆಂಡು ಎನ್ನೋಣ. ಮೂರೂ ಮಾತ್ರೆ ಸಮವಿರುವ ವಾಲ್ಟ್ಸ್ ಕುಣಿತವಾದರೆ ಅರ್ಧ, ಅರ್ಧ, ಅರ್ಧ. ಟೆಲೆಮಾರ್ಕ್ ಸ್ಪ್ರಿಂಗಾರ್ ಆದರೆ 0.6, 0.5, 0.4ರ ಸುತ್ತಮುತ್ತ. ಇದನ್ನು ಆರು, ಐದು, ನಾಲ್ಕು ಎಂದು ಹದಿನೈದು ಅಕ್ಷರದ ತಾಳ ಮಾಡಿ ಎಣಿಸುವುದು ನಮ್ಮಂಥವರಿಗೆ ಬರುವ ಮೊದಲ ಯೋಚನೆ, ಮತ್ತು ಅದು ತಪ್ಪು. ಪ್ರಮಾಣ ಮಟ್ಟಿನಿಂದ ಮಟ್ಟಿಗೆ, ವಾದಕರಿಂದ ವಾದಕರಿಗೆ ಕೊಂಚ ಬದಲಾಗುತ್ತದೆ. ಕುಣಿಯುವವರ ಮೈಭಾರ ಏಳುವ, ಇಳಿಯುವ ಲಯದಿಂದ ಅದು ಬರುತ್ತದೆ. ಪಿಟೀಲು ವಾದಕರು ಕೂತಲ್ಲೇ ಪಾದದಿಂದ ನೆಲ ತಟ್ಟುತ್ತಿರುತ್ತಾರೆ. ಆ ಪಾದ ಸಂಗೀತದ ಭಾಗ. ಮೈಕ್ ಇಡುವವರು ಅದನ್ನು ಗದ್ದಲ ಎಂದು ತಿಳಿದು ಕಂಬಳಿ ಹಾಸಿಬಿಟ್ಟರೆ ಜೊತೆಯ ವಾದ್ಯದವರಿಗೆ ದಾರಿಯೇ ತಪ್ಪುತ್ತದೆ.

ಆರ್ಕೆಸ್ಟ್ರಾ ಜೊತೆ ಇದು ಕೆಡುವ ಬಗೆ ಒಂದೇ. ನಿರ್ದೇಶಕರು ಮೂರು ಸಮ ಮಾತ್ರೆ ತೋರಿಸುತ್ತಾರೆ, ಪಿಟೀಲಿನವರು ತಮ್ಮ ಲಯ ಬಿಡುವುದಿಲ್ಲ, ಮೂರನೇ ಮಾತ್ರೆಯ ಹೊತ್ತಿಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಧ್ವನಿಮುದ್ರಣದಲ್ಲಿ ಕಿವಿಯಲ್ಲಿ ಸಮವಾಗಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಹಾಕಿದರೆ ಇನ್ನೂ ಕೆಟ್ಟದ್ದು: ಯಾರೂ ಬೀಳುವುದಿಲ್ಲ, ಸ್ಪ್ರಿಂಗಾರ್ ಸದ್ದಿಲ್ಲದೆ ವಾಲ್ಟ್ಸ್ ಆಗಿಬಿಡುತ್ತದೆ. ಕೈಗೂಡುವ ವಿಧಾನ ಎಂದರೆ ನಿರ್ದೇಶಕರು ಆವರ್ತಕ್ಕೆ ಒಂದೇ ಪೆಟ್ಟು ತೋರಿಸುವುದು, ಒಳಗಿನ ಹಂಚಿಕೆಯನ್ನು ಪಾದಕ್ಕೆ ಬಿಡುವುದು. ಆರ್ಕೆಸ್ಟ್ರಾಗೆ ಮೊದಲ ಮಾತ್ರೆಯ ಮೇಲೆ ನಿಲ್ಲುವ ಉದ್ದ ಸ್ವರಗಳನ್ನೇ ಹೆಚ್ಚಾಗಿ ಬರೆಯುವುದು. ಮುಂದಿನ ಸಾಲಿನ ವಾದಕರಿಗಾದರೂ ಆ ಕುಣಿತದ ಹೆಜ್ಜೆಯನ್ನು ಅರ್ಧ ಗಂಟೆ ಕಲಿಸುವುದು. ಹೆಜ್ಜೆ ಹಾಕಿದ ಕಾಲಿಗೆ ಮೂರನೇ ಮಾತ್ರೆ ಗಿಡ್ಡ ಏಕೆ ಎಂದು ಬೇರೆ ಹೇಳಬೇಕಾಗುವುದಿಲ್ಲ.

ನಾರ್ವೆಯ ಸ್ವರಸಂಯೋಜಕ ಎಡ್ವರ್ಡ್ ಗ್ರೀಗ್ ಪಿಟೀಲಿನ ಕುಣಿತದ ಮಟ್ಟುಗಳಿಂದ ಮಾಡಿದ ಪಿಯಾನೋ ಸ್ಲೋಟೆರ್‌ಗಳು ಇದೇ ಕಾರಣಕ್ಕೆ ಅನೇಕರ ಕೈಯಲ್ಲಿ ಮಜುರ್ಕಾ ಎಂಬ ಪೋಲೆಂಡಿನ ಕುಣಿತವಾಗಿ ಕೇಳುತ್ತವೆ. ಆ ಕೃತಿ ಹುಟ್ಟಿದ್ದು ಒಬ್ಬ ಮುದುಕರ ಆತಂಕದಿಂದ. ಟೆಲೆಮಾರ್ಕ್‌ನ ತಿನ್‌ನ ಪಿಟೀಲುಗಾರ ಕ್ನೂಟ್ ಡಾಲೆ ತಮ್ಮೊಂದಿಗೇ ಈ ಮಟ್ಟುಗಳು ಮಣ್ಣಾಗುತ್ತವೆ ಎಂದು ಹೆದರಿ, ಬರೆದಿಡಿ ಎಂದು ಗ್ರೀಗ್‌ಗೆ ಪತ್ರ ಬರೆದರು. ಮೊದಲ ಪತ್ರ 1888ರದು. ಕೆಲಸ ಕೂಡಿಬಂದದ್ದು 1901ರಲ್ಲಿ. ಪಿಟೀಲಿನ ಒಳಹೊರಗು ತಮಗೆ ತಿಳಿಯದೆಂದು ಗ್ರೀಗ್ ಆ ಕೆಲಸವನ್ನು ಪಿಟೀಲು ವಾದಕ, ಸಂಯೋಜಕ ಯೊಹಾನ್ ಹಾಲ್ವೊರ್ಸೆನ್ ಅವರಿಗೆ ಒಪ್ಪಿಸಿದರು. ಡಾಲೆ ಕ್ರಿಸ್ತಿಯಾನಿಯಾಗೆ, ಅಂದರೆ ಇಂದಿನ ಓಸ್ಲೋಗೆ ಬಂದು ನುಡಿಸಿದರು, ಹಾಲ್ವೊರ್ಸೆನ್ ಹದಿನೇಳು ಮಟ್ಟುಗಳನ್ನು ಬರೆದುಕೊಂಡರು. ಅವನ್ನು ಗ್ರೀಗ್ ಪಿಯಾನೋಗೆ ಅಳವಡಿಸಿದರು, ಓಪಸ್ (ಕೃತಿಸಂಖ್ಯೆ) 72. ಮೂಲ ಪಿಟೀಲಿನ ಬರಹವೂ ಜೊತೆಗೇ ಅಚ್ಚಾಯಿತು. ಆ ಪ್ರಾಮಾಣಿಕತೆ ದೊಡ್ಡದು: ತಾವು ಏನು ಬದಲಿಸಿದೆವು ಎಂದು ಯಾರಾದರೂ ಪಕ್ಕದಲ್ಲಿಟ್ಟು ನೋಡಬಹುದು.

ಡಿ ಮೇಜರ್‌ನಲ್ಲಿ ಬರುವ ಜಿ ಶಾರ್ಪ್ ಒಂದು ಕಾಲಕ್ಕೆ ತನಗೆ ಹುಚ್ಚು ಹಿಡಿಸಿತ್ತೆಂದು ಗ್ರೀಗ್ ಹಾಲ್ವೊರ್ಸೆನ್‌ಗೆ ಬರೆದಿದ್ದರು. ಷಡ್ಜ ಡಿ ಆದರೆ ಜಿ ಶಾರ್ಪ್ ಎಂದರೆ ಪ್ರತಿ ಮಧ್ಯಮ. ಡಾಲೆ ಅವರಂಥವರ ಬೆರಳಡಿ ಅದು ಕೊಳಲಿನ ಹನ್ನೊಂದನೇ ಸ್ವರದ ಹತ್ತಿರ ಎಲ್ಲೋ ಇದ್ದಿರಬೇಕು. ಕಾಗದದ ಮೇಲೆ ಇದ್ದ ಎರಡೇ ಆಯ್ಕೆಗಳಲ್ಲಿ ಹತ್ತಿರದ್ದು ಜಿ ಶಾರ್ಪ್. ಪಿಯಾನೋದಲ್ಲಿ ಅದನ್ನು ಮೃದು ಮಾಡಲು ಹೋಗದೆ, ಎಡಗೈಯ ಸಪ ಆಧಾರಕ್ಕೆ ಎದುರಾಗಿ ಕುಟುಕುವಂತೆ ಗ್ರೀಗ್ ಬಿಟ್ಟರು. ನುಡಿಸುವವರು ಅಲ್ಲಿ ಪೆಡಲ್ ಒತ್ತಿ ಮಬ್ಬು ಮಾಡಬಾರದು. ಅದಕ್ಕೆ ಹೋಲಿಸಿದರೆ ಓಪಸ್ 66ರ ಹಾಡುಗಳಲ್ಲಿ ಗ್ರೀಗ್ ಬೇರೆಯೇ ಮನುಷ್ಯ. ಯೋತುನ್‌ಹೈಮೆನ್ ಬೆಟ್ಟಗಳಲ್ಲಿ ಗ್ಯೆಂದಿನೆ ಎಂಬ ಹೆಣ್ಣುಮಗಳಿಂದ ಕೇಳಿದ ಜೋಗುಳಕ್ಕೆ ಅವರು ಕೊಟ್ಟ ಮೇಳ ಪಿಯಾನೋದಲ್ಲಿ ತುಂಬ ಚೆಲುವಾಗಿದೆ. ಆದರೆ ಹಾಡುವವರು ಆ ಮೇಳದ ಮೇಲೆ ಹಾಡದೆ, ಬರಿಯ ಮಟ್ಟನ್ನು ಬರಿಯ ಧ್ವನಿಯಲ್ಲಿ ಹಾಡಿ, ಪಿಯಾನೋವನ್ನು ಆಮೇಲೆ ಒಂಟಿಯಾಗಿ ಕೇಳಿಸುವುದೇ ಒಳ್ಳೆಯದು.

ಹಾರ್ಡಿಂಗ್‌ಫೇಲೆ ಎಂಬ ನಾರ್ವೆಯ ಪಿಟೀಲನ್ನು ಮೇಳಕ್ಕೆ ಸೇರಿಸುವವರು ಮೊದಲು ಶ್ರುತಿಯ ಲೆಕ್ಕ ಮುಗಿಸಿಕೊಳ್ಳಬೇಕು. ನುಡಿಸುವ ತಂತಿ ನಾಲ್ಕು, ಅವುಗಳ ಕೆಳಗೆ ಸಾರಂಗಿಯ ತರಬ್‌ನಂತೆ ತಾವೇ ಮಿಡಿಯುವ ತಂತಿ ನಾಲ್ಕು ಅಥವಾ ಐದು. ಸಾಮಾನ್ಯ ಶ್ರುತಿಯಲ್ಲಿ ಮೇಲಿನವು ಎ, ಡಿ, ಎ, ಇ; ಕೆಳಗಿನವು ಬಿ, ಡಿ, ಇ, ಎಫ್ ಶಾರ್ಪ್, ಎ. ಇದು ಬರೆಯುವ ಹೆಸರು ಮಾತ್ರ. ವಾದ್ಯವನ್ನು ಅದಕ್ಕಿಂತ ಒಂದು ಸ್ವರವೋ ಒಂದೂವರೆಯೋ ಮೇಲಕ್ಕೆ ಬಿಗಿಯುತ್ತಾರೆ. ಅವರ 'ಎ' ಆರ್ಕೆಸ್ಟ್ರಾದ 'ಬಿ' ಆಗಿದ್ದರೆ, ಅವರು ಡಿಯಲ್ಲಿ ನುಡಿಸುವಾಗ ಆರ್ಕೆಸ್ಟ್ರಾ ಇಯಲ್ಲಿರಬೇಕು. ಇದನ್ನು ಮೊದಲ ತಾಲೀಮಿನ ದಿನ ಕಂಡುಕೊಂಡವರು ರಾತ್ರಿಯಿಡೀ ಕೂತು ಹಾಳೆಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಬಳಕೆಯಲ್ಲಿರುವ ಶ್ರುತಿಗಳೇ ಇಪ್ಪತ್ತಕ್ಕೂ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಹೋಗಲು ಎಂಟೊಂಬತ್ತು ತಂತಿ ಹೊಂದಿಸಬೇಕಾದ್ದರಿಂದ ವಾದಕರು ಎರಡು ಮೂರು ಪಿಟೀಲು ತರುತ್ತಾರೆ. ಇನ್ನೊಂದು ತೊಂದರೆ ಕೇಳುವವರೆಗೆ ಗೊತ್ತಾಗುವುದಿಲ್ಲ: ಮೇಳ ದೂರದ ಶ್ರುತಿಗೆ ಜಾರಿದ ಕೂಡಲೇ ಕೆಳಗಿನ ತಂತಿಗಳು ಮೂಕವಾಗುತ್ತವೆ, ವಾದ್ಯ ಸಣ್ಣ ಪಿಟೀಲಿನ ಹಾಗೆ ಒಣಒಣಗಿ ಕೇಳುತ್ತದೆ. ಸಂಯೋಜಕ ಗೈರ್ ತ್ವೈಟ್ 1955 ಮತ್ತು 1965ರಲ್ಲಿ ಈ ವಾದ್ಯಕ್ಕೆ ಎರಡು ಕಂಚೆರ್ಟೊ, ಅಂದರೆ ಒಂಟಿ ವಾದ್ಯ ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ, ಬರೆದರು. ಹಾರ್ಡಾಂಗೆರ್ ಸೀಮೆಯ ಮಟ್ಟುಗಳನ್ನು ಊರೂರು ಅಲೆದು ಕೂಡಿಸಿದವರು ಅವರು. 1970ರಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಜೀವಮಾನದ ಬರಹದ ಬಹುಪಾಲು ಸುಟ್ಟುಹೋಯಿತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಗ್ರೀಗ್ ಅವರ ನಾಲ್ಕು ಭಕ್ತಿಗೀತೆಗಳು, ಓಪಸ್ 74, 1906ರದು, ಅವರು ಪೂರ್ಣಗೊಳಿಸಿದ ಕೊನೆಯ ಕೃತಿ. ಮಟ್ಟುಗಳು ಜಾನಪದ ಸಂಗ್ರಾಹಕ ಲಿಂದೆಮಾನ್ ಹತ್ತೊಂಬತ್ತನೇ ಶತಮಾನದಲ್ಲಿ ಹಳ್ಳಿಗಳಲ್ಲಿ ಕೂಡಿಸಿದ ಸಂಗ್ರಹದವು. ಎರಡನೇ ಗೀತೆಯ ನಡುಭಾಗದಲ್ಲಿ ಒಂಟಿ ಬ್ಯಾರಿಟೋನ್ (ನಡುಮಟ್ಟದ ಗಂಡು ಧ್ವನಿಯವರು) ಮೇಜರ್‌ನಲ್ಲಿ ಹಾಡುತ್ತಾರೆ, ಅದೇ ಹೊತ್ತಿಗೆ ಅದೇ ಷಡ್ಜದ ಮೇಲೆ ವೃಂದ ಮೈನರ್‌ನಲ್ಲಿ ಹಾಡುತ್ತದೆ. ಒಬ್ಬರ ಬಾಯಲ್ಲಿ ಅಂತರ ಗಾಂಧಾರ, ಉಳಿದವರ ಬಾಯಲ್ಲಿ ಸಾಧಾರಣ ಗಾಂಧಾರ. ಇದನ್ನು ಕಾಲಕ್ಕಿಂತ ಮುಂದಿನ ಪ್ರಯೋಗ ಎಂದು ಹೊಗಳುವುದು ರೂಢಿ. ನನಗೆ ಅದು ಹಿಂದಕ್ಕೆ ಚಾಚಿದ ಕೈಯಂತೆ ಕಾಣುತ್ತದೆ. ಕಾಗದದ ಮೇಲೆ ಬರೆಯಲಾಗದ ನಡುವಿನ ಗಾಂಧಾರಕ್ಕೆ ಎರಡೂ ಬದಿಯಿಂದ ಬೇಲಿ ಹಾಕಿದ ಹಾಗೆ. ತಾಲೀಮಿನಲ್ಲಿ ವೃಂದವನ್ನೂ ಬ್ಯಾರಿಟೋನ್ ಅನ್ನೂ ಮೊದಲು ಬೇರೆ ಬೇರೆ ಕೋಣೆಯಲ್ಲಿ ಕಲಿಸಬೇಕು, ಕೂಡಿಸುವ ದಿನ ಬ್ಯಾರಿಟೋನ್ ವೃಂದಕ್ಕೆ ಬೆನ್ನು ತಿರುಗಿಸಿ ನಿಲ್ಲಬೇಕು. ಇಲ್ಲದಿದ್ದರೆ ಎರಡು ಗಾಂಧಾರಗಳೂ ಒಂದನ್ನೊಂದು ಎಳೆದುಕೊಳ್ಳುತ್ತ, ನಾಲ್ಕೈದು ಸಾಲಿನೊಳಗೆ ನಡುವೆ ಎಲ್ಲೋ ಬಂದು ಸೇರಿಬಿಡುತ್ತವೆ. ಹೆಚ್ಚುಕಡಿಮೆ ವಿಗ್ದಾಲ್ ಹಾಡುತ್ತಿದ್ದ ಜಾಗಕ್ಕೆ.